ಹನ್ನೊಂದನೆಯ ಪಾತ್ರೆ

ನನಗೆ ಮೂಗಿನ ತುದೀಲೇ ಕೋಪ ಅಂತ ನಮ್ಮ ಮನೇಲಿ ಎಲ್ಲರೂ ಆಡಿಕೊಳ್ತಾರೆ. ಆಡಿಕೊಳ್ಳಲಿ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ಓದಿದವನಿಗೆ ಕೋಪ ಬರದೆ ಇನ್ನೇನು ಬರುತ್ತೆ? ಆದರೆ ಇದೇ ಕೋಪ ಒಂದು ಸಲ ಒಬ್ಬ ಬಡ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕೋದರಲ್ಲಿತ್ತು. ತಪ್ಪಿಸಿದವರು ನಂಜುಂಡಯ್ಯನವರು. ಅಂಥ ಮನುಷ್ಯರನ್ನ ನಾನು ಮತ್ತೆ ನೋಡಲಿಲ್ಲ. ಅವರ ವಿಷಯ ಹೇಳಬೇಕು ಅಂತಲೇ ಕೂತಿದ್ದೀನಿ, ನಡುವೆ ಬಾಯಿ ಹಾಕಬೇಡಿ.

ಸಾವಿರದ ಒಂಬೈನೂರ ಇಪ್ಪತ್ತೆಂಟನೇ ಇಸವಿ. ದೇವರಾಜ ಮೊಹಲ್ಲಾದಲ್ಲಿ ಒಂದು ದಿನಸಿ ಅಂಗಡಿಯ ಮಹಡಿ ಮೇಲೆ ನಮ್ಮ ಸಹಕಾರಿ ಬ್ಯಾಂಕು. ಎರಡು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಕೆಳಗಿನಿಂದ ಸದಾ ಮೆಣಸಿನಕಾಯಿ ಘಾಟು. ಸೀನಿಕೊಂಡೇ ಲೆಕ್ಕ ಬರೀಬೇಕು. ನನಗಾಗ ಇಪ್ಪತ್ತೊಂದು. ಗುಮಾಸ್ತನ ಕೆಲಸ, ಅದೂ ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡ್ತೀವಿ ಅನ್ನೋ ಮಾತಿನ ಮೇಲೆ. ಅಪ್ಪ ಆರೋಗ್ಯಸ್ವಾಮಿ ಸಾರೋಟು ಕಟ್ಟೋ ಕೆಲಸದವರು, ನಾನು ಹನ್ನೆರಡು ವರ್ಷದವನಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ಅಂತೋಣಮ್ಮ ಬಟ್ಟೆ ಹೊಲಿದು ನನ್ನನ್ನ ಓದಿಸಿದ್ದಳು. ಆ ಕೆಲಸ ನನಗೆ ಬೇಕೇ ಬೇಕಿತ್ತು.

ನಂಜುಂಡಯ್ಯನವರು ಬ್ಯಾಂಕಿನ ಕಾರ್ಯದರ್ಶಿ. ಅವರ ಹಿರೀಕರೆಲ್ಲ ಅರಮನೆ ಉಗ್ರಾಣದಲ್ಲಿ ಲೆಕ್ಕ ಬರೆದವರು. ಒಂದು ಸೇರು ಅಕ್ಕಿ ಎಲ್ಲಿಗೆ ಹೋಯ್ತು ಅಂತ ಮೂರು ತಲೆಮಾರು ಕೇಳಿಕೊಂಡು ಬಂದ ವಂಶ. ಕರೀ ಕೋಟು, ಜರಿ ಅಂಚಿನ ಪೇಟ, ಕೈಯಲ್ಲೊಂದು ಹಳೇ ಕೊಡೆ. ನಾನು ಸೇರಿದಾಗ ಅವರು ನನ್ನ ಕೈಗೆ ಲೆಡ್ಜರು ಕೊಡಲಿಲ್ಲ, ಆ ಕೊಡೆ ಕೊಟ್ಟರು. "ಬಾರಯ್ಯಾ ಅಮಲದಾಸ, ತಿರುಗೋಣ" ಅಂದರು. ಮೂರು ತಿಂಗಳು ತಿರುಗಿದ್ದೇ ತಿರುಗಿದ್ದು. ನನ್ನ ಚಪ್ಪಲಿ ಎರಡು ಸಲ ಅಟ್ಟೆ ಕಂಡಿತು.

ಒಬ್ಬ ಜಟಕಾದವನು ಎರಡನೇ ಕುದುರೆಗೆ ಸಾಲ ಕೇಳಿದ್ದ. ಜಾಮೀನು ಗಟ್ಟಿ, ಮಾತು ಇನ್ನೂ ಗಟ್ಟಿ. ನಂಜುಂಡಯ್ಯನವರು ಅವನ ಜೊತೆ ಮಾತೇ ಆಡದೆ ಅವನ ಮೊದಲನೇ ಕುದುರೆಯ ಹತ್ತಿರ ಹೋಗಿ ಕೊರಳಪಟ್ಟಿ ಎತ್ತಿ ನೋಡಿದರು. ಅಡಿಯಲ್ಲಿ ಹುಣ್ಣು. "ಇರೋದನ್ನ ನೋಡಿಕೊಂಡು ಬಾಪ್ಪ, ಆಮೇಲೆ ಇನ್ನೊಂದರ ಮಾತು" ಅಂದು ಕಳಿಸಿದರು. ಇನ್ನೊಬ್ಬ ದೊಡ್ಡ ವರ್ತಕ ಚಿನ್ನ ತಂದು ಮೇಜಿನ ಮೇಲೆ ಸುರಿದ. ಯಾತಕ್ಕೆ ಸಾಲ ಅಂತ ಕೇಳಿದರೆ, ತಮ್ಮನ ಮೇಲೆ ದಾವಾ ಹೂಡೋಕೆ ಅಂದ. ಅವನಿಗೆ ಕಾಫಿ ತರಿಸಿ, ಕುಡಿಸಿ, ಚಿನ್ನ ಗಂಟು ಕಟ್ಟಿ ಕೈಗೆ ಕೊಟ್ಟರು. ನನಗೆ ಹೊಟ್ಟೆ ಉರಿದುಹೋಯ್ತು. "ಸ್ವಾಮಿ, ಅಷ್ಟು ಚಿನ್ನ" ಅಂದೆ. "ನಮಗೆ ಬೇಕಾಗಿರೋದು ಅವನ ಚಿನ್ನವಲ್ಲವಯ್ಯಾ. ನಮ್ಮ ದುಡ್ಡು ಅವನ ಕೈಯಲ್ಲಿ ಬೆಳೀಬೇಕು. ಕೋರ್ಟಿನಲ್ಲಿ ಏನು ಬೆಳೆಯುತ್ತೆ?" ಅಂದರು.

ಅವರು ಹೇಳಿಕೊಟ್ಟ ಮೊದಲನೇ ನಿಯಮ ಒಂದೇ. ಸಾಲ ಕೇಳಿದವರ ಮನೆಗೆ ಹೇಳಿ ಹೋಗಬೇಡ. ಹೇಳಿ ಹೋದರೆ ನೀನು ನೋಡೋದು ಅವರ ಮನೇನಲ್ಲ, ನಿನಗೋಸ್ಕರ ಸಿಂಗರಿಸಿದ ಮನೇನ. ನಾನು ತಲೆ ಆಡಿಸಿದ್ದೆ. ತಲೆ ಆಡಿಸೋದಕ್ಕೆ ಕಾಸು ಖರ್ಚಿಲ್ಲವಲ್ಲ.

ನಾಲ್ಕನೇ ತಿಂಗಳಿಗೆ ದೇವಿರಮ್ಮ ಬಂದಳು. ನಲವತ್ತರ ಹತ್ತಿರದ ವಿಧವೆ. ನಮ್ಮ ಬೀದಿಯ ಹಿಂದಿನ ವಠಾರದವಳು, ನಲ್ಲಿ ಹತ್ತಿರ ಮುಖ ನೋಡಿದ್ದೆ ಅಷ್ಟೆ. ಊದುಬತ್ತಿ ಹೊಸೆಯೋ ಕೆಲಸ. ಒಬ್ಬ ಸಾಹುಕಾರ ಇದ್ದಿಲು ಪುಡಿ, ಬಿದಿರು ಕಡ್ಡಿ ಕೊಡ್ತಿದ್ದ. ಇವಳೂ ಇನ್ನು ನಾಲ್ಕು ಜನ ಹೆಂಗಸರೂ ಹೊಸೆದುಕೊಡ್ತಿದ್ದರು. ಸಾವಿರ ಕಡ್ಡಿಗೆ ಎರಡಾಣೆ ಕೂಲಿ. ಈಗ ಮಾರ್ಕೆಟ್ಟಿನ ಒಂದು ಅಂಗಡಿಯವರು, ದಸರಾಕ್ಕೆ ನೀನೇ ಸ್ವಂತವಾಗಿ ಮಾಡಿಕೊಟ್ಟರೆ ಸಾವಿರಕ್ಕೆ ಹತ್ತಾಣೆ ಕೊಡ್ತೀವಿ ಅಂದಿದ್ದರು. ಸಾಮಾನು ಕೊಳ್ಳೋಕೆ ದುಡ್ಡಿಲ್ಲ. ಬಡ್ಡಿ ಸಾಹುಕಾರನ ಹತ್ತಿರ ಹೋದರೆ ರೂಪಾಯಿಗೆ ತಿಂಗಳಿಗೆ ಒಂದಾಣೆ. ನಮ್ಮಲ್ಲಿ ನೂರಕ್ಕೆ ವರ್ಷಕ್ಕೆ ಒಂಬತ್ತು. ಇನ್ನೂರು ರೂಪಾಯಿ ಕೇಳಿ ಅರ್ಜಿ ಬರೆಸಿಕೊಂಡು ಬಂದಿದ್ದಳು.

"ಈ ಸಲ ಕೈ ತಪ್ಪಿದ್ರೆ ಮುಗೀತು ಸ್ವಾಮಿ" ಅಂದಳು. "ಅಂಗಡಿಯವರು ಬೇರೇವ್ರಿಗೆ ಕೊಟ್ಬುಡ್ತಾರೆ. ಸಾಯೋಗಂಟ ಎರಡಾಣೆ ಕೂಲೀನೇ."

ನಂಜುಂಡಯ್ಯನವರು ನನ್ನ ಕಡೆ ನೋಡಿದರು. "ಈ ಮನೆಗೆ ನೀನೊಬ್ಬನೇ ಹೋಗಿ ಬಾ" ಅಂದರು. ಮೊದಲ ಸಲ ಒಬ್ಬನೇ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲು ಇಳಿಯೋವಾಗ ದೇವಿರಮ್ಮನಿಗೆ ದೊಡ್ಡ ಅಧಿಕಾರಿ ಥರ ಹೇಳಿಬಿಟ್ಟೆ: "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬರ್ತೀನಿ, ಸಿದ್ಧವಾಗಿರು." ಹೆಂಗಸರೇ ಇರೋ ಮನೆ, ಹೇಳದೆ ಹೋದರೆ ಮರ್ಯಾದೆ ಅಲ್ಲ ಅಂತ ನನ್ನ ಸಮಾಧಾನ. ನಿಜ ಹೇಳಬೇಕಂದ್ರೆ, ನನಗಾಗಿ ಒಬ್ಬರು ಕಾದಿರಲಿ ಅಂತ ಆಸೆ.

ಕಾದಿದ್ದಳು. ಹೆಣ್ಣು ನೋಡೋಕೆ ಬರೋವರಿಗೆ ಸಿದ್ಧ ಮಾಡ್ತಾರಲ್ಲ, ಹಾಗೆ. ಬಾಗಿಲಿಗೆ ರಂಗೋಲಿ, ಒಳಗೆ ಗೋಡೆ ಉದ್ದಕ್ಕೂ ಹಿತ್ತಾಳೆ ತಾಮ್ರದ ಪಾತ್ರೆಗಳ ಸಾಲು. ಹಂಡೆ, ಕೊಳಗ, ಚೊಂಬು, ಕೊಡ, ತಟ್ಟೆ. ನಾನು ಒಳಗೊಳಗೇ ಮೆಚ್ಚಿಕೊಂಡೆ, ಪರವಾಗಿಲ್ಲ, ಸ್ಥಿತಿವಂತಳೇ ಅಂತ. ಆಮೇಲೆ ಕೊಳಗದ ಕಂಠ ಕಣ್ಣಿಗೆ ಬಿತ್ತು. ನಮ್ಮೂರಲ್ಲಿ ಪಾತ್ರೆಗೆ ಹೆಸರು ಕೊರೆಸದೆ ಯಾರು ಮನೆಗೆ ತರ್ತಾರೆ? ಚಾಮುಂಡೇಶ್ವರಿ ಅಂತಿತ್ತು. ಪಕ್ಕದ ಚೊಂಬಿನ ಮೇಲೆ ಚಂದ್ರಮತಿ. ಹಂಡೆ ಮೇಲೆ ದೇವಯ್ಯ. ದೇವಿರಮ್ಮ ಅನ್ನೋ ಹೆಸರು ಒಂದರ ಮೇಲೂ ಇಲ್ಲ. ನಾನು ಜೇಬಿನಿಂದ ಪೆನ್ಸಿಲು ತೆಗೆದು ಒಂದೊಂದೇ ಬರೆದುಕೊಂಡೆ. ಅವಳು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಹತ್ತು ಹೆಸರು ಆಯ್ತು. ಹನ್ನೊಂದನೆಯದು ಮೂಲೆಯಲ್ಲಿದ್ದ ಅಗಲವಾದ ಹಿತ್ತಾಳೆ ಬೋಗುಣಿ. ಅದರ ಅಂಚು ಒಂದು ಕಡೆ ನಗ್ಗಿತ್ತು. ಆ ನಗ್ಗು ನನಗೆ ಗೊತ್ತು, ಐದು ವರ್ಷದವನಿದ್ದಾಗ ಬೀಳಿಸಿ ನಾನೇ ಮಾಡಿದ್ದು. ಕಂಠದ ಮೇಲೆ ಪುಟ್ಟ ಶಿಲುಬೆ, ಅದರ ಮುಂದೆ ಅಂತೋಣಮ್ಮ.

ನಮ್ಮಮ್ಮನ ಮದುವೆ ಬೋಗುಣಿ. ನನಗೆ ಟೋಪಿ ಹಾಕೋದಕ್ಕೆ ನಮ್ಮಮ್ಮನ ಬೋಗುಣಿ. ಮೈಯೆಲ್ಲ ಬೆಂಕಿ ಆಯ್ತು. ಪೆನ್ಸಿಲು ಜೇಬಿಗೆ ತುರುಕಿ ಹೊರಟು ಬಂದೆ. ಬ್ಯಾಂಕಿಗೆ ಬಂದವನೇ ವರದಿ ಬರೆದೆ. ತೋರಿಸಿದ ಆಸ್ತಿ ಯಾವುದೂ ಅರ್ಜಿದಾರಳದಲ್ಲ, ಈಕೆ ನಂಬಿಕೆಗೆ ಅರ್ಹಳಲ್ಲ, ಸಾಲ ಕೊಡಬಾರದು. ಕೆಳಗೆ ಹತ್ತು ಹೆಸರಿನ ಪಟ್ಟಿ. ಹನ್ನೊಂದನೆಯದನ್ನ ಬಿಟ್ಟೆ. ಕೆಲಸ ಇನ್ನೂ ಕಾಯಂ ಆಗಿಲ್ಲ, ಇಂಥದರಲ್ಲಿ ತಾಯಿ ಹೆಸರು ಯಾಕೆ ಅಂತ.

ನಂಜುಂಡಯ್ಯನವರು ವರದಿ ಓದಿದರು. ಬೈಯಲಿಲ್ಲ. ಹೆಸರಿನ ಪಟ್ಟಿಯನ್ನ ಮಾತ್ರ ಎರಡನೇ ಸಲ ಗಟ್ಟಿಯಾಗಿ ಓದಿಕೊಂಡರು.

"ಹೇಳಿ ಹೋಗಿದ್ದೆ, ಅಲ್ಲವೇನಯ್ಯಾ?"

"ಹೌದು ಸ್ವಾಮಿ" ಅಂದೆ.

"ಈ ಹತ್ತು ಜನ ಯಾಕೆ ಕೊಟ್ಟರು?"

"ಎಲ್ಲ ಸೇರಿಕೊಂಡು ಬ್ಯಾಂಕಿಗೆ ಮೋಸ ಮಾಡೋಕೆ."

"ನಮ್ಮ ಕಮಿಟಿಯ ಐದು ಜನ ಒಂದು ಮಾತಿಗೆ ಒಪ್ಪಿದ್ದನ್ನ ಯಾವತ್ತಾದರೂ ನೋಡಿದ್ದೀಯಾ? ಹತ್ತು ಮನೆ ಹೆಂಗಸರು ಒಪ್ಪಿದ್ದಾರೆ ನೋಡು" ಅಂದು ನಕ್ಕರು. "ಮನೇಲಿ ತಾಯಿಯವರು ಇದ್ದಾರಲ್ಲ. ಪಾತ್ರೆ ಯಾರಿಗೆ ಕೊಡ್ತಾರೆ, ಯಾರಿಗೆ ಕೊಡೋದಿಲ್ಲ ಅಂತ ಕೇಳಿಕೊಂಡು ಬಾ. ಇವತ್ತಿನ ಪಾಠ ಅದು. ನಾಳೆ ಇಬ್ಬರೂ ಹೋಗೋಣ." ಕಾಗದ ಮಡಚೋ ಮೊದಲು ಇನ್ನೊಂದು ಮಾತು ಕೇಳಿದರು. "ಪಟ್ಟಿ ಇಷ್ಟೇನಾ?"

"ಇಷ್ಟೇ" ಅಂದೆ.

ಮನೆಗೆ ಹೋದಾಗ ಅಮ್ಮ ಸೊಪ್ಪು ಸೋಸ್ತಾ ಕೂತಿದ್ದಳು. ಕೋಟು ಕೂಡ ಬಿಚ್ಚದೆ ಶುರು ಮಾಡಿದೆ.

"ಬೋಗುಣಿ ಎಲ್ಲಿ?"

"ದೇವಿರಮ್ಮ ತಗೊಂಡು ಹೋಗಿದ್ದಾಳೆ."

"ನಾನಿರೋ ಬ್ಯಾಂಕಿಗೇ ಟೋಪಿ ಹಾಕೋಕೆ ನೀನೂ ಕೈ ಜೋಡಿಸಿದೀಯ. ನನ್ನ ಕೆಲಸ ಹೋಗಲಿ ಅಂತಾನಾ?"

ಅಮ್ಮ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. ಅವಳ ಕೋಪವೇ ನನಗೆ ಬಂದಿರೋದು, ಆದರೆ ಅವಳದು ನಿಧಾನ.

"ನನ್ನ ಸ್ವಂತ ತಂಗಿ ಕ್ಯಾಥರೀನ್ ಹೋದ ಕ್ರಿಸ್‌ಮಸ್ಸಿಗೆ ಅದೇ ಬೋಗುಣಿ ಕೇಳಿದಳಲ್ಲ, ಕೊಟ್ನಾ?"

"ಇಲ್ಲ."

"ಯಾಕೆ?"

ಯಾಕೆ ಅಂತ ಇಡೀ ಬೀದಿಗೆ ಗೊತ್ತು. ಚಿಕ್ಕಮ್ಮನ ಮನೆಗೆ ಹೋದ ಪಾತ್ರೆಗೆ ವಾಪಸ್ ಬರೋ ದಾರಿ ಗೊತ್ತಿರಲಿಲ್ಲ.

"ದೇವಿರಮ್ಮನಿಗೆ ಇದು ಐದನೇ ಸಲ ಕೊಡ್ತಿರೋದು ಕಣೋ. ಹೇಳಿದ ದಿನಕ್ಕೆ ತರ್ತಾಳೆ. ಹುಣಸೇಹಣ್ಣು ಹಾಕಿ ತಿಕ್ಕಿ, ನಾನು ಕೊಟ್ಟಾಗ ಇದ್ದದ್ದಕ್ಕಿಂತ ಚೆನ್ನಾಗಿ ತರ್ತಾಳೆ. ಬರಿ ಪಾತ್ರೆ ಯಾವತ್ತೂ ತಂದವಳಲ್ಲ. ಒಂದು ಅಚ್ಚು ಬೆಲ್ಲ, ಏನೂ ಇಲ್ದಿದ್ರೆ ನಾಲ್ಕು ಊದುಬತ್ತಿ. ನಾನು ಓದಿದವಳಲ್ಲ, ನೀನು ಬ್ಯಾಂಕಿನವನು. ಇದಕ್ಕೆ ನಿಮ್ಮಲ್ಲಿ ಏನಂತಾರೋ?"

ನಾಚಿಕೆ ಆಯ್ತು. ನಾಚಿಕೆಯಾದರೆ ನನಗೆ ಇನ್ನೂ ಕೋಪ ಬರುತ್ತೆ, ಆವತ್ತು ಊಟ ಮಾಡಲಿಲ್ಲ.

ಮಾರನೇ ದಿನ ಮಧ್ಯಾಹ್ನ, ಹೇಳದೆ ಕೇಳದೆ, ಇಬ್ಬರೂ ವಠಾರಕ್ಕೆ ಹೋದೆವು. ಹನ್ನೊಂದನೇ ಪಾತ್ರೆ ವಿಷಯ ದಾರಿಯಲ್ಲಿ ಹೇಳಿಬಿಡಬೇಕು ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮಳೆ ವಿಷಯ ಮಾತಾಡಿದೆ.

ಮನೆ ಬೋಳಾಗಿತ್ತು. ಗೋಡೆ ಉದ್ದಕ್ಕೂ ಏನೂ ಇಲ್ಲ. ಎರಡು ಮಣ್ಣಿನ ಗಡಿಗೆ, ಒಂದು ಚಾಪೆ. ಐದು ಜನ ಹೆಂಗಸರು ಮೊಣಕೈವರೆಗೂ ಕಪ್ಪು ಮಾಡಿಕೊಂಡು ಮಣೆ ಮುಂದೆ ಕೂತು ಕಡ್ಡಿ ಹೊಸೀತಿದ್ದರು. ನಡುವೆ ನಮ್ಮಮ್ಮನ ಬೋಗುಣಿ, ತುಂಬ ಇದ್ದಿಲಿನ ಕರೀ ಹಿಟ್ಟು.

ನಮ್ಮನ್ನ ನೋಡಿದ ದೇವಿರಮ್ಮನ ಮುಖ ಇಳಿದುಹೋಯ್ತು. ಎದ್ದು ನಿಂತಳು. "ಏಳ್ಬುಡ್ತೀನಿ ಬುದ್ಧಿ. ನೆನ್ನೆ ಇದ್ದ ಪಾತ್ರೆ ಯಾವುದೂ ನನ್ನವಲ್ಲ. ಬೋಳು ಮನೆ ನೋಡಿದ್ರೆ ಸಾಲ ಕೊಡಾಕಿಲ್ಲ ಅಂತ ವಠಾರದೋರು ಅಂದ್ರು. ಅದಕ್ಕೇ ಅಂಗೆ ಮಾಡ್ದೆ."

"ಗೊತ್ತು ತಾಯಿ" ಅಂದರು ನಂಜುಂಡಯ್ಯನವರು. ಅಂಥ ಹೆಂಗಸಿಗೆ ಬಹುವಚನ ಹಾಕಿ ಮಾತಾಡೋ ಅಧಿಕಾರಿಯನ್ನ ನಾನು ಅವರೊಬ್ಬರನ್ನೇ ನೋಡಿದ್ದು. "ಎಲ್ಲ ವಾಪಸ್ ಕೊಟ್ಟಿರಾ?"

"ನೆನ್ನೇನೇ ದೀಪ ಹಚ್ಚೋ ಒತ್ತಿಗೆ ಕೊಟ್ಬುಟ್ಟೆ. ಇದೊಂದು ಉಳ್ಕಂಡದೆ. ನನ್ನ ಬೋಗುಣಿ ಸೋರ್ತದೆ ಅಂತ ಅವ್ರೇ ಇಟ್ಕೊ ಅಂದ್ರು."

ಅವರು ಬಗ್ಗಿ ಬೋಗುಣಿ ಕಂಠದ ಕಪ್ಪನ್ನ ಹೆಬ್ಬೆರಳಿನಿಂದ ಒರೆಸಿದರು. ಓದಿದರು. ನನ್ನ ಕಡೆ ತಿರುಗಿದರು. "ಈ ಹೆಸರು ನಿನ್ನ ಪಟ್ಟಿಯಲ್ಲಿ ಇರಲಿಲ್ಲವಲ್ಲಯ್ಯಾ."

ದೇವಿರಮ್ಮ ತಲೆ ತಗ್ಗಿಸಿದಳು. ಆಗ ನನಗೆ ಹೊಳೀತು. ನಾನು ಯಾರ ಮಗ ಅಂತ ಅವಳಿಗೆ ಮೊದಲಿನಿಂದ ಗೊತ್ತು. ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತಾಗ, ಪೆನ್ಸಿಲು ಹಿಡಿದು ನಾನು ಹೆಸರು ಬರೆಯೋವಾಗ, ನಿಮ್ಮಮ್ಮ ನನಗೆ ಬೇಕಾದವರು ಅಂತ ಒಂದು ಮಾತು ಆಡಿರಲಿಲ್ಲ. ಈಗಲೂ ಆಡಲಿಲ್ಲ.

"ನಮ್ಮಮ್ಮನದು ಸ್ವಾಮಿ" ಅಂದೆ. "ಬೇಕಂತಲೇ ಬಿಟ್ಟೆ."

ನಂಜುಂಡಯ್ಯನವರು ಹೆಬ್ಬೆರಳಿನ ಕಪ್ಪನ್ನ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಸಾಲ ಕೇಳೋರು ಇಲ್ಲದ ಪಾತ್ರೆ ತಂದು ತೋರಿಸಿದರು. ಸಾಲ ಕೊಡೋ ನೀನು ಇರೋ ಪಾತ್ರೆ ಬಚ್ಚಿಟ್ಟೆ. ಯಾರನ್ನ ನಂಬಬಾರದು ಅಂತ ಬರೆಯಲಯ್ಯಾ ನಾನು?"

ಅಪ್ಪ ಸತ್ತ ದಿನ ಬಿಟ್ಟರೆ ನಾನು ಅಷ್ಟು ಜನರ ಮುಂದೆ ಅತ್ತದ್ದು ಆವತ್ತೇ. ಅವರು ನನ್ನ ಕಡೆ ನೋಡದೆ, ಚಾಪೆ ಎಳೆದುಕೊಂಡು ನೆಲದ ಮೇಲೆ ಕೂತು, ಗಡಿಯಾರ ತೆಗೆದರು.

ಒಂದು ಗಂಟೆ ಕೂತರು. ಒಬ್ಬೊಬ್ಬರು ಎಷ್ಟು ಹೊಸೀತಾರೆ ಅಂತ ಎಣಿಸಿದರು. ಒಣಗಿದ ಕಡ್ಡಿ ಒಂದನ್ನ ಹಚ್ಚಿ, ಅರ್ಧಕ್ಕೆ ಆರುತ್ತಾ ಅಂತ ಕೊನೇವರೆಗೂ ಕಾದರು. ಆರಲಿಲ್ಲ. ಮಳೆ ಹಿಡಿದರೆ ಎಲ್ಲಿ ಒಣಗಿಸ್ತೀರಿ ಅಂತ ಕೇಳಿದರು. ದೇವಿರಮ್ಮ ಒಲೆ ಮೇಲಿನ ಅಟ್ಟ ತೋರಿಸಿದಳು. ಏಣಿ ಹತ್ತಿ ಅದನ್ನೂ ನೋಡಿ, ಪೇಟಕ್ಕೆ ಮಸಿ ಮಾಡಿಕೊಂಡು ಇಳಿದರು. ಆಮೇಲೆ ನನ್ನ ಕೈಗೆ ಪೆನ್ಸಿಲು ಕೊಟ್ಟು ಲೆಕ್ಕ ಹೇಳಿದರು. ಐದು ಜನ, ದಿನಕ್ಕೆ ಹನ್ನೆರಡು ಸಾವಿರ ಕಡ್ಡಿ. ಸಾವಿರಕ್ಕೆ ಐದಾಣೆ ಸಾಮಾನು, ದಿನಕ್ಕೆ ಮೂರು ಮುಕ್ಕಾಲು ರೂಪಾಯಿ. ದಸರಾಕ್ಕೆ ಮುಂಚೆ ಇಪ್ಪತ್ತು ದಿನದ ಕೆಲಸ. ಎಪ್ಪತ್ತೈದು ರೂಪಾಯಿ.

"ನೀವು ಇನ್ನೂರು ಕೇಳಿದೀರಿ ತಾಯಿ."

"ಕೇಳಿದ್ರಲ್ಲಿ ಅರ್ಧ ಕೊಡ್ತಾರೆ ಅಂತ ಜಾಸ್ತಿ ಕೇಳ್ದೆ."

"ಪೂರ್ತಿ ಕೊಟ್ಟಿದ್ದರೆ?"

"ಮಗಳ ಮದುವೆಗೆ ಎತ್ತಿಟ್ಕೊಂತಿದ್ದೆ."

"ಆ ದುಡ್ಡು ಕಡ್ಡಿ ಹೊಸೆಯೋದಿಲ್ಲ. ಅದರ ಬಡ್ಡೀನೂ ಈ ಕೈಗಳೇ ಹೊಸೀಬೇಕು. ಎಂಬತ್ತು ಕೊಡ್ತೀವಿ. ತಿಂಗಳ ಕಂತು ಬೇಡ. ದಸರಾ ಮಾರಾಟ ಆದಮೇಲೆ ಅರ್ಧ, ದೀಪಾವಳಿ ಆದಮೇಲೆ ಅರ್ಧ. ಮಗಳ ಮದುವೆ ಲಾಭದಲ್ಲಿ ಆಗಲಿ, ಸಾಲದಲ್ಲಿ ಬೇಡ."

ಅವಳಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಇನ್ನೂರು ಅಂತ ಆಸೆಪಟ್ಟವರಿಗೆ ಎಂಬತ್ತು ಅಂದರೆ ಯಾರಿಗೆ ತಾನೇ ಆಗುತ್ತೆ? ಆದರೆ ಬೆರಳು ಮಡಚಿ ಎಣಿಸಿ ನೋಡಿದಳು, ಎರಡು ಸಲ. "ತೀರಿಸ್ಬೋದು ಬುದ್ಧಿ" ಅಂದಳು. ಮನೆಯಿಂದ ಹೊರಗೆ ಬಂದ ಮೇಲೆ ನಂಜುಂಡಯ್ಯನವರು ಹೇಳಿದರು, ಆ ಒಂದು ಮಾತು ಕೇಳೋದಕ್ಕೇ ತಾವು ಒಂದು ಗಂಟೆ ಕೂತಿದ್ದಂತೆ.

ಶನಿವಾರ ಕಮಿಟಿ. ಜವಳಿ ಅಂಗಡಿ ದೊರೆಸ್ವಾಮಿಯವರು ಕಮಿಟಿಯಲ್ಲಿ ಗಟ್ಟಿ ಧ್ವನಿ. "ಈಯಮ್ಮನ ಹತ್ತಿರ ಏನಿದೆ ಅಂತ ಕೊಡೋಣ?" ಅಂದರು.

"ಹನ್ನೊಂದು ಮನೆ ಇದೆ" ಅಂದರು ನಂಜುಂಡಯ್ಯನವರು. ಪಟ್ಟಿ ಓದಿದರು. ಅದರಲ್ಲಿ ಎರಡು ಮನೆಯವರು ನಮ್ಮ ಸದಸ್ಯರೇ, ಇಬ್ಬರೂ ಜಾಮೀನಿಗೆ ರುಜು ಹಾಕಿದ್ದರು. ಹತ್ತು ಹೆಸರು ಆದ ಮೇಲೆ ನಿಲ್ಲಿಸಿದರು. "ಹನ್ನೊಂದನೆಯದನ್ನ ನಮ್ಮ ಗುಮಾಸ್ತ ಓದ್ತಾನೆ."

ಎದ್ದು ನಿಂತೆ. "ಅಂತೋಣಮ್ಮ. ನನ್ನ ತಾಯಿ. ವರದಿಯಲ್ಲಿ ನಾನು ಮುಚ್ಚಿಟ್ಟಿದ್ದೆ."

"ಹಾಗಾದರೆ ಇದು ಗುಮಾಸ್ತನಿಗೆ ಬೇಕಾದವರಿಗೆ ಕೊಡೋ ಸಾಲ" ಅಂದರು ದೊರೆಸ್ವಾಮಿಯವರು.

"ಕೊಡಬಾರದು ಅಂತ ಬರೆದವನೇ ಅವನು. ಅದಕ್ಕೇ ನಾನು ಎರಡನೇ ಸಲ ಹೋಗಿ ನೋಡಿದ್ದು. ಅವನ ತಪ್ಪನ್ನ ಅವನೇ ನಿಮ್ಮ ಮುಂದೆ ಹೇಳಿದ್ದಾನೆ. ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇದಕ್ಕಿಂತ ಒಳ್ಳೇ ಜಾಮೀನು ನಾನು ನೋಡಿಲ್ಲ. ಬೇಡ ಅನ್ನೋರು ಕಾರಣ ಬರೆದುಕೊಡಿ."

ಯಾರೂ ಬರೆಯಲಿಲ್ಲ. ಎಂಬತ್ತು ರೂಪಾಯಿ ಮಂಜೂರಾಯ್ತು.

ದಸರಾ ಮುಗಿದ ಮೂರನೇ ದಿನ ದೇವಿರಮ್ಮ ಮೊದಲನೇ ಕಂತು ತಂದು ಕಟ್ಟಿದಳು. ದೀಪಾವಳಿ ಹೊತ್ತಿಗೆ ಮಳೆ ಹಿಡೀತು, ನಾಲ್ಕು ದಿನ ಬಿಡಲಿಲ್ಲ. ನಾನು ಒಲೆ ಮೇಲಿನ ಆ ಅಟ್ಟವನ್ನೇ ನೆನೆಸಿಕೊಂಡು ಕೂತಿದ್ದೆ. ಸಾಲ ತೊಗೊಂಡವರಿಗಿಂತ ಕೊಟ್ಟವನಿಗೆ ಹೆಚ್ಚು ಭಯ ಇರುತ್ತೆ ಅಂತ ಆಗ ಗೊತ್ತಾಯ್ತು. ಗಡುವಿಗೆ ಒಂದು ದಿನ ಮುಂಚೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ದೇವಿರಮ್ಮ. ಸೊಂಟದ ಮೇಲೆ ಬಟ್ಟೆ ಮುಚ್ಚಿದ ಏನೋ ದೊಡ್ಡದು. ಸೆರಗಿನ ಗಂಟು ಬಿಚ್ಚಿ ನಲವತ್ತು ರೂಪಾಯಿ, ಮೇಲೆ ಬಡ್ಡಿ ಚಿಲ್ಲರೆ, ಎಣಿಸಿ ಇಟ್ಟಳು. ಆಮೇಲೆ ಬಟ್ಟೆ ತೆಗೆದಳು. ಬೋಗುಣಿ. ಇದ್ದಿಲಿನ ಗುರುತು ಒಂದು ಚೂರೂ ಇಲ್ಲದ ಹಾಗೆ ತಿಕ್ಕಿದ್ದಳು. ಒಳಗೆ ಎರಡು ಅಚ್ಚು ಬೆಲ್ಲ, ಒಂದು ಕಟ್ಟು ಊದುಬತ್ತಿ.

"ಇದು ನಿಮ್ಮಮ್ಮೋರಿಗೆ ಕೊಟ್ಬುಡಿ. ನಾನೂ ಒಸ ಬೋಗುಣಿ ತಗೊಂಡೆ. ನನ್ನೆಸರು ಕೊರೆಸಿದೀನಿ" ಅಂದಳು.

ನಂಜುಂಡಯ್ಯನವರು ತಮ್ಮ ಮೇಜಿನಿಂದ ತಲೆ ಎತ್ತದೆ ಹೇಳಿದರು. "ಅಮಲದಾಸ, ಬ್ಯಾಂಕಿನ ಮೂಲಕ ವಾಪಸ್ ಬಂದದ್ದಕ್ಕೆಲ್ಲ ರಸೀದಿ ಬೇಕು. ಅದಕ್ಕೂ ಬರಿ."

ಬರೆದೆ. ದೇವಿರಮ್ಮನವರಿಂದ ಅಂತೋಣಮ್ಮನವರಿಗೆ ಹಿತ್ತಾಳೆ ಬೋಗುಣಿ ಒಂದು, ಬೆಲ್ಲ ಎರಡು ಅಚ್ಚು, ಊದುಬತ್ತಿ ಒಂದು ಕಟ್ಟು, ಗಡುವಿಗೆ ಮುಂಚೆ ಪೂರ್ತಿ ಸಂದಾಯ. ಅವರು ಓದಿ, ರುಜು ಹಾಕಿ, ಮೊಹರು ಒತ್ತಿದರು. ಕೋಟು ಹಾಕಿಕೊಂಡೇ ಬೋಗುಣಿ ಹೆಗಲ ಮೇಲೆ ಹೊತ್ತು ಮಾರ್ಕೆಟ್ಟಿನ ನಡುವೆ ಮನೆಗೆ ನಡೆದೆ. ಯಾರು ನೋಡಿದರೂ ನನಗೆ ನಾಚಿಕೆ ಆಗಲಿಲ್ಲ.

ಅಮ್ಮ ರಸೀದೀನ ನನ್ನಿಂದ ಎರಡು ಸಲ ಓದಿಸಿದಳು. ಮಡಚಿ ಮರಿಯಮ್ಮನವರ ಪಟದ ಹಿಂದೆ ಸಿಕ್ಕಿಸಿದಳು. ಅವಳು ಸತ್ತ ಮೇಲೂ ಅದು ಅಲ್ಲೇ ಇತ್ತು, ಈಗ ನನ್ನ ಪೆಟ್ಟಿಗೆಯಲ್ಲಿದೆ. ಆಮೇಲೆ ಬೋಗುಣಿಯನ್ನ ಒಳಗೂ ಹೊರಗೂ ತಿರುಗಿಸಿ ನೋಡಿ, ನಾನು ಮಾಡಿದ್ದ ನಗ್ಗಿನ ಮೇಲೆ ಬೆರಳಾಡಿಸಿದಳು.

"ಇನ್ನೊಂದು ಸಲ ಕೇಳಿದರೆ ಕೊಡ್ತೀಯಾ?" ಅಂದೆ.

"ಕೊಡದೆ ಏನು? ನೀವು?"

"ನಾವೂ ಕೊಡ್ತೀವಮ್ಮ" ಅಂದೆ.